ಅಕ್ಕನ ವಿಮಾನ, ಭಾಗ 4: 24.5

ಫೋಟೋದಲ್ಲಿರೋದು ಅಕ್ಕ ತೊಡೆ ಮೇಲೆ ಕಟ್ಕೊಂಡು ಹಾರೋ ಪ್ಯಾಡ್. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ 24.5 ಅಂತ ಬರೆದಿದ್ದಾಳೆ, ಝೂಮ್ ಮಾಡಿ ನೋಡಿ.

ಅವಳು ಕಲೀತಿರೋ ಸೆಸ್ನಾ 172ರಲ್ಲಿ ಆಲ್ಟರ್ನೇಟರ್ ಸುಮಾರು 28 ವೋಲ್ಟ್ ಕೊಡುತ್ತೆ. ಅದನ್ನು ಹದದಲ್ಲಿಡೋದು ರೆಗ್ಯುಲೇಟರ್. ಅದು ಕೈಕೊಟ್ಟು ವೋಲ್ಟೇಜ್ 24.5ಕ್ಕಿಂತ ಕೆಳಗಿಳಿದರೆ 'ಲೋ ವೋಲ್ಟ್ಸ್' ದೀಪ ಹತ್ತುತ್ತೆ. ಕಳೆದ ತಿಂಗಳು ಹತ್ತಿತು. ಅಕ್ಕ ಒಬ್ಬಳೇ ಇದ್ದಳು.

ಆಲ್ಟರ್ನೇಟರ್ ಆಫ್ ಮಾಡಿ, ಬ್ರೇಕರ್ ನೋಡಿ, ಒಂದು ಸಲ ಆನ್ ಮಾಡಿದ್ಲಂತೆ. ದೀಪ ಆರಲಿಲ್ಲ. ಮತ್ತೆ ಮತ್ತೆ ಒತ್ತಿ ನೋಡೋ ಆಸೆ ಬಂತಂತೆ, ಕೈ ತಡೆದು ಆಫ್ ಮಾಡಿಬಿಟ್ಲು.

"ಇಂಜಿನ್ ನಿಂತುಹೋಗಲ್ವಾ?" ಅಂದೆ.

"ಇಲ್ವೋ, ಕಿಡಿ ಕೊಡೋದು ಮ್ಯಾಗ್ನೆಟೋ. ಅದಕ್ಕೆ ಬ್ಯಾಟರಿ ಬೇಕಿಲ್ಲ."

ನನ್ನ ಬಿಕಾಂ ತಲೆಗೆ ಆಗ ಅರ್ಥ ಆಯ್ತು: ಆದಾಯ ನಿಂತಿದೆ, ಉಳಿತಾಯದಲ್ಲೇ ಮನೆ ಸೇರಬೇಕು. ಲೈಟು, ಎರಡನೇ ರೇಡಿಯೋ ಎಲ್ಲ ಬಂದ್. ದನಿ ಇರೋವಾಗ್ಲೇ ಟವರ್‌ಗೆ ವಿಷಯ ಹೇಳಿದ್ಲು. ಫ್ಲಾಪ್ ಕೂಡ ಕರೆಂಟಿಂದೇ ಇಳಿಯೋದು. ಪೂರ್ತಿ ಇಳಿಸಿದ ಮೇಲೆ ಬ್ಯಾಟರಿ ಸತ್ತರೆ ವಾಪಸ್ ಎತ್ತೋಕಾಗಲ್ಲ. ಅದಕ್ಕೇ ಫ್ಲಾಪ್ ಮುಟ್ಟದೆ, ಸ್ವಲ್ಪ ಜಾಸ್ತಿ ಸ್ಪೀಡಲ್ಲೇ ಇಳಿಸಿದ್ಲು. ರನ್‌ವೇ ಉದ್ದ ಇತ್ತು, ಪುಣ್ಯ.

ಇಳಿದು ಬಾಗಿಲು ತೆಗೆಯೋವಾಗ ಕೈ ನಡುಗಿತಂತೆ. ಮೇಲಿದ್ದಾಗ ನಡುಗಲಿಲ್ಲವಂತೆ.

ರೆಗ್ಯುಲೇಟರ್ ಬದಲಾಯಿಸಿದ್ರು, ಮುಂದಿನ ವಾರ ಅದೇ ವಿಮಾನದಲ್ಲಿ ಹಾರಿದ್ಲು. ನಾನು ಆ ದಿನ ಕ್ಲಾಸಲ್ಲಿ ಒಂದಕ್ಷರ ಬರೆದುಕೊಳ್ಳಲಿಲ್ಲ.

ಅಮ್ಮಂಗೆ ಇನ್ನೂ ಗೊತ್ತಿಲ್ಲ. ಅಮ್ಮ ಇಲ್ಲಿ ಅಕೌಂಟ್ ಮಾಡಿಲ್ಲ, ಆದ್ರೆ ಚಿಕ್ಕಮ್ಮ ಇದ್ದಾರೆ. ಚಿಕ್ಕಮ್ಮಾ, ದಯವಿಟ್ಟು.