ಬ್ಯಾಟ್ರಿ, ಶೆಲ್ಲು ಮತ್ತು ತಮ್ಮನ ಜೇಬು

ನಮ್ಮ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕೋದು ಶೆಲ್ಲು. ಮಳೆಗಾಲದ ರಾತ್ರಿ ತೋಟದ ಕಡೆ ಏನಾದರೂ ಸದ್ದಾದರೆ ಅಜ್ಜ 'ಬ್ಯಾಟ್ರಿ ತಗಂಡು ಬಾರೋ' ಅಂತ ಕೂಗುತ್ತಿದ್ದರು. ಶೆಲ್ಲು ಮುಗಿಯುತ್ತಾ ಬಂತು ಅಂತ ಎಸೆಯುವ ಪದ್ಧತಿ ಇರಲಿಲ್ಲ. ಅಂಗಳದ ಬಿಸಿಲಿಗೆ ಇಡಬೇಕು, ಬಿಸಿಲಿಲ್ಲದಿದ್ದರೆ ಒಲೆಯ ಪಕ್ಕ. ಇನ್ನೆರಡು ದಿನ ಮಿಣುಕುತ್ತಿತ್ತು. ಪೂರ್ತಿ ಸತ್ತ ಮೇಲೆ ಕಲ್ಲಲ್ಲಿ ಕುಟ್ಟಿ, ಒಳಗಿನ ಕರಿ ಕಡ್ಡಿ ತೆಗೆದು ಗೋಡೆ ಮೇಲೆ ಗೀಚುತ್ತಿದ್ದೆವು. ನೀವೂ ಮಾಡಿರ್ತೀರಿ, ಸುಳ್ಳು ಹೇಳಬೇಡಿ :-)

ಹೀಗೆ ಬೆಳೆದ ನಮಗೆಲ್ಲ ಶೆಲ್ಲು ಅಂದರೆ ಬಡಪಾಯಿ ವಸ್ತು. ಅದು ಯಾರಿಗೂ ಏನೂ ಮಾಡೋದಿಲ್ಲ. ಈ ನಂಬಿಕೆಯೇ ಈಗ ತೊಂದರೆ ಕೊಡ್ತಿರೋದು ಅಂತ ನನಗೆ ಅನ್ನಿಸತೊಡಗಿದೆ.

ಚಿಕ್ಕಪ್ಪನ ಮಗ ಆರು ತಿಂಗಳಿಂದ ಇಲ್ಲಿ, ಇಂಗ್ಲೆಂಡಿನಲ್ಲಿ, ನಮ್ಮ ಜೊತೆಗಿದ್ದಾನೆ. ಕೆಲಸ ಇಲ್ಲೇ ಹತ್ತಿರ. ಕಾಲೇಜಿನಿಂದ ಸಿಗರೇಟು ಸೇದುತ್ತಿದ್ದವನು ಈಗ ಪೂರ್ತಿ ಬಿಟ್ಟು ವೇಪ್ ಹಿಡಿದಿದ್ದಾನೆ. ಚಿಕ್ಕಪ್ಪ ಜೀವನವಿಡೀ ಬೀಡಿ ಸೇದಿ, ಶ್ವಾಸಕೋಶದ ಕ್ಯಾನ್ಸರ್ ಆಗಿ ಹೋದರು. ಹಾಗಾಗಿ 'ಅದನ್ನೂ ಬಿಡೋ' ಅಂತ ಜೋರು ಮಾಡೋಕೆ ನನಗೆ ಬಾಯಿ ಬರೋದಿಲ್ಲ. ಅದೇನು ಒಳ್ಳೆಯದಲ್ಲ, ನಿಕೋಟಿನ್ ನಿಕೋಟಿನ್ನೇ. ಆದರೆ ನನ್ನ ಮಾತಿಗೆ ಸಿಟ್ಟಾಗಿ ಮತ್ತೆ ಸಿಗರೇಟು ಹಚ್ಚಿದರೆ?

ಮೊನ್ನೆ ನನ್ನವಳು ಬಟ್ಟೆ ಒಗೆಯೋಕೆ ಹಾಕುವಾಗ ಅವನ ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು. ಬೀಗದ ಕೈ, ಚಿಲ್ಲರೆ ನಾಣ್ಯ, ಅದರ ನಡುವೆ ಎರಡು ಬಿಡಿ ಶೆಲ್ಲು. ಒಂದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ತಲೆಯ ಹತ್ತಿರ ಹರಿದಿತ್ತು.

'ಅಣ್ಣಾ, ಒಂದೂವರೆ ವರ್ಷದಿಂದ ಹೀಗೇ ಇಟ್ಕೊಂಡಿದೀನಿ, ಏನೂ ಆಗಿಲ್ಲ' ಅಂದ.

'ಒಂದು ಸಲ ಆದರೆ ಸಾಕಲ್ಲೋ ಮಾರಾಯ' ಅಂದೆ.

ಇವು 18650 ಅನ್ನೋ ಜಾತಿಯ ಲಿಥಿಯಂ ಅಯಾನ್ ಶೆಲ್ಲು. ಹೆಸರಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಕೊಳವೆಯಾಕಾರ. ಅಜ್ಜನ ಶೆಲ್ಲು 1.5 ವೋಲ್ಟ್, ಇದು ತುಂಬಿದಾಗ 4.2. ಇದರಲ್ಲಿ ತಲೆಯ ಗುಂಡಿಯಷ್ಟೇ ಪ್ಲಸ್ಸು. ಉಳಿದ ಡಬ್ಬಿಯೆಲ್ಲ, ಗುಂಡಿಯ ಸುತ್ತಲಿನ ಅಂಚೂ ಸೇರಿ, ಮೈನಸ್ಸು. ಎರಡರ ನಡುವೆ ಹೊರಗಿನಿಂದ ಕಾಯೋದು ತೆಳ್ಳನೆಯ ಆ ಹೊದಿಕೆ ಮತ್ತು ಒಂದು ಸಣ್ಣ ಉಂಗುರ. ಅದು ಹರಿದ ಜಾಗಕ್ಕೆ ಒಂದು ನಾಣ್ಯ ತಾಗಿದರೆ ಶಾರ್ಟ್ ಸರ್ಕ್ಯೂಟ್. ಶೆಲ್ಲು ಕಾಯುತ್ತೆ, ಒಳಗಿನ ಪ್ಲಾಸ್ಟಿಕ್ ಪರದೆ ಕರಗುತ್ತೆ, ಆ ಬಿಸಿಗೆ ಇನ್ನಷ್ಟು ಬಿಸಿ ಹುಟ್ಟುತ್ತೆ. ಒಳಗಿರೋ ದ್ರವವೂ ಹೊತ್ತಿಕೊಳ್ಳುವಂಥದ್ದು.

ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗಿನ ಸುದ್ದಿಗಳನ್ನು ಕಲೆಹಾಕಿ 195 ಇಂಥ ಬೆಂಕಿ-ಸ್ಫೋಟಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ 61 ಆಗಿದ್ದು ಜೇಬಿನಲ್ಲಿದ್ದಾಗ! ಸೇದುವಾಗ 60, ಚಾರ್ಜಿಗೆ ಹಾಕಿದಾಗ 48. ಆಮೇಲೆ 2018ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರಲ್ಲಿ ಟೆಕ್ಸಾಸಿನಲ್ಲಿ ಇನ್ನೊಬ್ಬರು ಸತ್ತೂ ಹೋದರು. ಇದನ್ನು ಓದಿ ಹೇಳಿದಾಗ ತಮ್ಮ ಮೊದಲ ಸಲ ಸುಮ್ಮನಾದ.

ಆಮೇಲೆ ಪಿಯುಸಿಯ ಓಮನ ನಿಯಮ ತೆಗೆದು ಕೂತೆವು. ಅವನ ಯಂತ್ರದ ಕಾಯಿಲ್ 0.2 ಓಮ್. 4.2ನ್ನು 0.2ರಿಂದ ಭಾಗಿಸಿದರೆ 21 ಆಂಪಿಯರ್. ನಮ್ಮನೆ ಕೆಟಲ್ ಪ್ಲಗ್ಗಿನ ಫ್ಯೂಸೇ 13ರದ್ದು! ಅಷ್ಟು ಕರೆಂಟು ಕೊಡಬಲ್ಲ ಶೆಲ್ಲೇ ಬೇರೆ. ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದದ್ದು ನೋಡೋಕೆ ಹಾಗೇ ಇದ್ದರೂ ಸಾಮಾನ್ಯವಾಗಿ ಅರ್ಧವನ್ನೂ ತಾಳುವುದಿಲ್ಲ. ಇನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗೋ '9900 ಎಂಎಎಚ್' ಶೆಲ್ಲು ಅಪ್ಪಟ ಸುಳ್ಳು. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯವಕ್ಕೂ ಸುಮಾರು 3500ರ ಮೇಲೆ ಹೋಗೋದು ಕಷ್ಟ. ತಮ್ಮನ ಎರಡರಲ್ಲಿ ಒಂದು ಈ ಜಾತಿಯದ್ದೇ. ಇಷ್ಟು ದಿನ ನನ್ನ ಮಗಳು ಮಲಗೋ ಕೋಣೆಯ ಆಚೆ ಗೋಡೆಗೆ ರಾತ್ರಿಯಿಡೀ ಚಾರ್ಜ್ ಆಗ್ತಿದ್ದದ್ದೂ ಅದೇ.

ಅದಾದ ಮೇಲೆ ನಮ್ಮನೆಯಲ್ಲಿ ಕಾನೂನು ಬಂತು. ಬಿಡಿ ಶೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ. ಹೊದಿಕೆ ಹರಿದದ್ದು, ತಗ್ಗು ಬಿದ್ದದ್ದು, ಉಬ್ಬಿದ್ದು ಮನೆಯಲ್ಲಿರಕೂಡದು. ಕಸದ ಬುಟ್ಟಿಗೂ ಅಲ್ಲ, ತುದಿಗೆ ಟೇಪು ಸುತ್ತಿ ಅಂಗಡಿಯಲ್ಲಿ ಹಳೆ ಬ್ಯಾಟರಿಗೆ ಇಟ್ಟಿರೋ ಡಬ್ಬಕ್ಕೆ. ಜೋಡಿ ಶೆಲ್ಲು ಹಾಕೋ ಯಂತ್ರಕ್ಕೆ ಒಂದೇ ಕಂಪನಿಯ, ಒಟ್ಟಿಗೆ ಕೊಂಡ ಜೋಡಿಯೇ ಆಗಬೇಕು. ಹೊಸತು-ಹಳತು ಬೆರೆಸುವ ಹಾಗಿಲ್ಲ. ಚಾರ್ಜು ಅಡುಗೆಮನೆಯ ಕಲ್ಲಿನ ಕಟ್ಟೆ ಮೇಲೆ, ಎಲ್ಲರೂ ಎಚ್ಚರವಿದ್ದಾಗ ಮಾತ್ರ. ದಿಂಬಿನ ಹತ್ತಿರ, ಸೋಫಾ ಮೇಲೆ ಖಂಡಿತಾ ಇಲ್ಲ. ಹೊಗೆ ಬಂದರೆ ಮುಟ್ಟೋಕೆ ಹೋಗಬೇಡ, ಮಗೂನ ಎತ್ಕೊಂಡು ಹೊರಗೆ ಹೋಗಿ 999ಕ್ಕೆ ಫೋನ್ ಮಾಡು ಅಂತ ನನ್ನವಳೇ ಹೇಳಿದಳು. ಅವಳು ಹೇಳಿದ ಮೇಲೆ ಅಪೀಲಿಲ್ಲ.

ಇನ್ನೊಂದು ವಿಷಯ. ಮುಂದಿನ ತಿಂಗಳು ಅವನು ಊರಿಗೆ ಹೊರಟಿದ್ದಾನೆ. ವಿಮಾನದಲ್ಲಿ ವೇಪನ್ನೂ ಬಿಡಿ ಶೆಲ್ಲನ್ನೂ ಚೆಕ್-ಇನ್ ಮಾಡೋ ಪೆಟ್ಟಿಗೆಯಲ್ಲಿ ಇಡೋ ಹಾಗೇ ಇಲ್ಲ, ಕೆಳಗೆ ಹೊತ್ತಿಕೊಂಡರೆ ಆರಿಸೋಕೆ ಯಾರೂ ಇರೋದಿಲ್ಲ. ಇವನಿಗೆ ಕೈಚೀಲದಲ್ಲೂ ಬೇಡ ಅಂದಿದ್ದೇನೆ. 2019ರಿಂದ ಭಾರತದಲ್ಲಿ ಇ-ಸಿಗರೇಟಿನ ಆಮದು, ಮಾರಾಟ ಎರಡೂ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

'ಹಂಗಾದ್ರೆ ಮೂರು ವಾರ ಏನ್ ಮಾಡ್ಲಿ ಅಣ್ಣಾ? ಅಲ್ಲಿ ಪೇಟೆಗೆ ಹೋದರೆ ಸಿಗರೇಟು ಎಲ್ಲಾ ಅಂಗಡೀಲೂ ಇರತ್ತೆ' ಅಂದ. ಅದಕ್ಕೆ ನನ್ನ ಹತ್ತಿರ ಓಮನ ನಿಯಮ ಇಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ ಕೊಡಿಸಿದ್ದೇನೆ. ಚಿಕ್ಕಮ್ಮ ಇರೋ ಮನೆಗೆ ಹೋಗ್ತಿದ್ದಾನೆ, ಅದೂ ಸ್ವಲ್ಪ ಕಾಯುತ್ತೆ ಅಂದುಕೊಂಡಿದ್ದೇನೆ.

ಊರಲ್ಲಿರೋ ನಿಮಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ನಿಮ್ಮ ಪವರ್ ಬ್ಯಾಂಕು, ಮೊಬೈಲು, ಕರೆಂಟಿನ ಸ್ಕೂಟರು, ಎಲ್ಲದರ ಹೊಟ್ಟೆಯಲ್ಲಿರೋದೂ ಇದೇ ಕುಲದ ಶೆಲ್ಲು. ಇವತ್ತು ರಾತ್ರಿ ನಿಮ್ಮನೆಯಲ್ಲಿ ಯಾವುದು ಎಲ್ಲಿ ಚಾರ್ಜ್ ಆಗ್ತಿದೆ ಅಂತ ಒಮ್ಮೆ ನೋಡಿ ಬಂದು, ಇಲ್ಲಿ ಹೇಳ್ತೀರಾ?