ಕಿರ್ದಿ, ಖಾತೆ, ಬ್ಯಾಟರಿ

ಉಪ್ಪಿನಂಗಡಿ ಪೇಟೆಯಲ್ಲಿ ಅಪ್ಪನ ಅಡಿಕೆ ಅಂಗಡಿ ಇತ್ತು. ಒಳಗೆ ಕಾಲಿಟ್ಟರೆ ಹಳೆ ಚಾಲಿಯ ಒಗರು ವಾಸನೆ, ಗೋಣಿಯ ಧೂಳು. ಜನ ಮುಗಿಬಿದ್ದ ಹೊತ್ತಿನಲ್ಲಿ ಅಪ್ಪ ಎಲ್ಲವನ್ನೂ ಕಿರ್ದಿಯಲ್ಲಿ ಸರಸರನೆ ಬರೆದಿಡುತ್ತಿದ್ದರು. ಖಾತೆಗೆ ಏರಿಸುವುದು ರಾತ್ರಿ ಊಟದ ಮೇಲೆ, ಲಾಟೀನು ಬೆಳಕಿನಲ್ಲಿ. 1974ರ ನೆರೆಯಲ್ಲಿ ನೇತ್ರಾವತಿ, ಕುಮಾರಧಾರೆ ಉಕ್ಕಿದಾಗ ಅವರು ಎಲ್ಲಕ್ಕಿಂತ ಮೊದಲು ಅಟ್ಟ ಸೇರಿಸಿದ್ದು ಆ ದಿನದ ಕಿರ್ದಿಯನ್ನು. ಅದರಲ್ಲಿದ್ದ ಲೆಕ್ಕ ಬೇರೆಲ್ಲೂ ಇರಲಿಲ್ಲ.

ನಾನು ಕಂಪ್ಯೂಟರ್ ರಿಪೇರಿಗೆ ಇಳಿದಾಗ 1.44 ಎಂಬಿಯ ಫ್ಲಾಪಿಗೆ 25 ರೂಪಾಯಿ. ಮಳೆಗಾಲದಲ್ಲಿ ಅದಕ್ಕೂ ಬೂಸ್ಟು ಹಿಡಿಯುತ್ತಿತ್ತು.

ಆಮೇಲೆ ಸರ್ವರ್‌ಗಳು ಬಂದವು. ಒಂದು ಆಟಿ ತಿಂಗಳ ಮಳೆಯಲ್ಲಿ ಪೇಟೆಯ ಕಚೇರಿಯೊಂದರಿಂದ ಫೋನ್ ಬಂತು: "ಸೇವ್ ಒತ್ತಿದರೆ ಮಿಷನ್ ಮಲಗ್ತದೆ ಮಾರಾಯ್ರೆ." ಫೈಲ್ ತೆರೆಯುವಾಗ ಚುರುಕು, ಬರೆಯುವಾಗ ಮಾತ್ರ ನಿಧಾನ. ಎಲ್ಲರೂ ನೆಟ್‌ವರ್ಕ್ ಕೇಬಲನ್ನು ದೂರಿದರು. ಸರ್ವರಿನ ಮುಂದೆಯೇ ಕುಳಿತು ದೊಡ್ಡ ಫೈಲೊಂದನ್ನು ಬರೆಸಿದೆ. ಅಲ್ಲೂ ಅದೇ ಗತಿ, ಹಾಗಾಗಿ ಕೇಬಲಿನ ತಪ್ಪಲ್ಲ. ಡಿಸ್ಕ್‌ಗಳ ಕೆಲಸ ತೋರಿಸುವ ಐಒಸ್ಟ್ಯಾಟ್ ಕಮಾಂಡ್ ಹಾಕಿದರೆ ಪ್ರೊಸೆಸರಿಗೆ ಕೆಲಸವೇ ಇರಲಿಲ್ಲ, ಡಿಸ್ಕ್‌ಗಳಿಗೆ ಮಾತ್ರ ಬಿಡುವಿರಲಿಲ್ಲ. ಅಲ್ಲಿದ್ದದ್ದು ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 5; ಅದರಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ. 7,200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ತಿರುಗುವುದೇ 120 ಸುತ್ತು, ಹಾಗಾಗಿ ಬರಹ ನಿಧಾನವಾಗುವುದು ಸಹಜ. ಆದರೆ ಇದೇ ರೇಡ್ ಹಿಂದಿನ ತಿಂಗಳು ಚೆನ್ನಾಗಿಯೇ ಓಡಿತ್ತಲ್ಲ!

ಉತ್ತರ ರೇಡ್ ಕಾರ್ಡಿನ ಲಾಗ್‌ನಲ್ಲಿತ್ತು: ಬ್ಯಾಟರಿ ಸತ್ತಿತ್ತು. ಕಾರ್ಡಿನ ಕ್ಯಾಶ್ ಮೆಮೊರಿ ಅಪ್ಪನ ಕಿರ್ದಿಯ ಹಾಗೆ. ಬಂದದ್ದನ್ನು ಕೂಡಲೇ ಬರೆದುಕೊಂಡು "ಆಯಿತು" ಅನ್ನುತ್ತದೆ, ಡಿಸ್ಕಿಗೆ ಏರಿಸುವುದು ಆಮೇಲೆ. ಕರೆಂಟು ಹೋದಾಗ ಅದನ್ನು ಕಾಯುವುದು ಆ ಪುಟ್ಟ ಬ್ಯಾಟರಿ. ಅದಿಲ್ಲವೆಂದು ಗೊತ್ತಾದ ಕೂಡಲೇ ಕಾರ್ಡು ರೈಟ್-ಬ್ಯಾಕ್ ಬಿಟ್ಟು ರೈಟ್-ಥ್ರೂಗೆ ಹೋಗಿತ್ತು. ಪ್ರತಿಯೊಂದನ್ನೂ ನೇರ ಡಿಸ್ಕಿಗೇ ಬರೆದು ಮುಗಿಸಿ ಆಮೇಲೆ ಉತ್ತರ ಕೊಡುತ್ತಿತ್ತು.

"ಒತ್ತಾಯದಿಂದ ರೈಟ್-ಬ್ಯಾಕ್ ಮಾಡ್ಲಿಕ್ಕೆ ಆಗುದಿಲ್ವಾ?" ಎಂದ ಅಲ್ಲಿನ ಹುಡುಗ. ಆಗುತ್ತಿತ್ತು, ಒಂದೇ ಕಮಾಂಡ್ ಸಾಕಿತ್ತು. ಗಾಳಿಮಳೆಗೆ ತಂತಿಯ ಮೇಲೆ ಮರ ಬೀಳುವ ಊರಿನಲ್ಲಿ, ಜನರ ಲೆಕ್ಕ ಇಟ್ಟುಕೊಂಡ ಸರ್ವರಿಗೆ ನಾನು ಅದನ್ನು ಒಪ್ಪಲಿಲ್ಲ. ಯುಪಿಎಸ್ ಕೂಡ ಒಮ್ಮೊಮ್ಮೆ ಕೈಕೊಡುತ್ತದೆ. ಆರು ಸಾವಿರದ ಬ್ಯಾಟರಿ ಬೆಂಗಳೂರಿನಿಂದ ಬರುವವರೆಗೆ ಎಲ್ಲರೂ ತಾಳಿಕೊಂಡರು. ಅದು ಚಾರ್ಜ್ ಆದ ಮೇಲೆ ಕಾರ್ಡು ತಾನಾಗಿಯೇ ಹಳೆಯ ವೇಗಕ್ಕೆ ಬಂತು.

ಈಗಿನ ಎಷ್ಟೋ ಕಾರ್ಡುಗಳಲ್ಲಿ ಬ್ಯಾಟರಿಯ ಜಾಗಕ್ಕೆ ಸೂಪರ್‌ಕೆಪಾಸಿಟರ್, ಫ್ಲ್ಯಾಶ್ ಬಂದಿವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಒಳ್ಳೆಯದೇ ಆಯಿತು. ಆದರೂ ಹಳೆ ಸರ್ವರೊಂದು ಬರೆಯುವಾಗ ಮಾತ್ರ ಇದ್ದಕ್ಕಿದ್ದಂತೆ ನಿಧಾನವಾದರೆ, ವೇಗ ಹೆಚ್ಚಿಸುವ ಕಮಾಂಡ್ ಹುಡುಕುವ ಮೊದಲು ಕಾರ್ಡಿನ ಬ್ಯಾಟರಿಯನ್ನೊಮ್ಮೆ ನೋಡಿ.