ಕ್ಯಾಲಿಪರ್ ಆಮೇಲೆ, ಮೊದಲು ಟೈರು

ಈಗಷ್ಟೇ ಟೈರ್ ಅಂಗಡಿಯಿಂದ ಬಂದೆ. ಅಲ್ಲೊಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ವಿಆರ್‌ಎಸ್ ತಗೊಂಡಿದ್ದಾನೆ. ದೊಡ್ಡ ಡಿಸ್ಕು, ಕೆಂಪು ಕ್ಯಾಲಿಪರ್ ಹಾಕಿಸೋಕೆ ದುಡ್ಡು ಕೂಡಿಡ್ತಿದ್ದಾನಂತೆ. ಬಗ್ಗಿ ಟೈರ್ ನೋಡಿದೆ: 2317. ಅಂದ್ರೆ 2017ರ 23ನೇ ವಾರದ್ದು! ಗ್ರಿಪ್ ಸವೆದಿಲ್ಲ, ಆದರೆ ರಬ್ಬರ್ ಕಲ್ಲಾಗಿದೆ.

ಬ್ರೇಕು ಹಿಡಿಯೋದು ಚಕ್ರವನ್ನ. ರಸ್ತೆಯನ್ನ ಹಿಡಿಯೋದು ಟೈರು. ಜೋರಾಗಿ ಒತ್ತಿದಾಗ ಈಗಿರೋ ಬ್ರೇಕಿಗೇ ಎಬಿಎಸ್ ಕೆಲಸ ಶುರು ಮಾಡುತ್ತೆ ಅಂದ್ರೆ, ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಕಾರು ಬೇಗ ನಿಲ್ಲಲ್ಲ. ಅದರ ಉಪಯೋಗ ಬಿಸಿ ತಡೆಯೋದರಲ್ಲಿ, ಚಾರ್ಮಾಡಿ ಘಾಟಿ ಇಳಿಯುವಾಗಿನ ಥರದ ಹೊತ್ತಲ್ಲಿ. ಅದಕ್ಕೂ ಮೊದಲು ಒಳ್ಳೆ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿ ನೋಡಬೇಕು. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಲ್ಲ. ಗಾಳಿಯ ತೇವ ಹೀರ್ತಾ ಹೀರ್ತಾ ಅದು 155ರ ಹತ್ತಿರಕ್ಕೂ ಇಳಿಯಬಹುದು. ಆಯಿಲ್ ಬದಲಿಸೋ ಖರ್ಚು ಒಂದು ಟೈರಿನ ಬೆಲೆಗಿಂತ ಎಷ್ಟೋ ಕಡಿಮೆ.

"ಕ್ಯಾಲಿಪರ್ ದುಡ್ಡಲ್ಲಿ ನಾಲ್ಕೂ ಟೈರ್ ಬದಲಿಸಪ್ಪ" ಅಂದೆ. ಯೋಚನೆ ಮಾಡ್ತೀನಿ ಅಣ್ಣ ಅಂದ. ಮಳೆಗಾಲ ಬೇರೆ, ಬೇಗ ಮಾಡ್ಲಿ.

ನಿಮ್ಮ ಟೈರ್ ಮೇಲಿನ ಆ 4 ಅಂಕಿ ಎಷ್ಟಿದೆ? ನೋಡಿ ಹೇಳಿ.